ವಿಸಿಡಿ: ಮಲೆನಾಡಿನ ಮದುವೆ, ಆಟಗಳು ಉಳಿದಿರುವ ತಟ್ಟೆ

ವಿಸಿಡಿ ಎಂದರೆ ವಿಡಿಯೊ ಸಿಡಿ. ಹಾಡು ಕೇಳುವ ಸಿಡಿ ಇತ್ತಲ್ಲ, 12 ಸೆಂ.ಮೀ. ಅಗಲದ ಹೊಳೆಯುವ ತಟ್ಟೆ, ಅದರೊಳಗೆ ಧ್ವನಿಯ ಜೊತೆಗೆ ಚಿತ್ರವನ್ನೂ ಕೂರಿಸಿದ ಪದ್ಧತಿ ಇದು. ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆವಿಸಿ ಕಂಪನಿಗಳು ಸೇರಿ 1993ರಲ್ಲಿ ಇದರ ನಿಯಮಗಳನ್ನು ಗೊತ್ತುಮಾಡಿದವು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಜನ ಇದನ್ನು ಬರೀ ಸಿಡಿ ಎಂದೇ ಕರೆದರು: ಪಿಕ್ಚರ್ ಸಿಡಿ, ಮದುವೆ ಸಿಡಿ, ಆಟದ ಸಿಡಿ (ಆಟ ಎಂದರೆ ಇಲ್ಲಿ ಯಕ್ಷಗಾನ).

ಸಿನಿಮಾದ ಮಟ್ಟಿಗೆ ಈ ತಟ್ಟೆ ಹೋದರೆ ದೊಡ್ಡ ನಷ್ಟವೇನಿಲ್ಲ. ಅದೇ ಸಿನಿಮಾ ಇದಕ್ಕಿಂತ ಚೆನ್ನಾಗಿ ಬೇರೆ ಕಡೆ ಸಿಗುತ್ತದೆ. ಆದರೆ ಹೊಸನಗರದ ಯಾವುದೋ ಹಳ್ಳಿಯ ಅಂಗಳದಲ್ಲಿ ಇಪ್ಪತ್ತು ವರ್ಷದ ಹಿಂದೆ ಚಪ್ಪರ ಹಾಕಿ ಮಾಡಿದ ಮದುವೆ, ಮನೆಯವರು ಆಡಿಸಿದ ಹರಕೆ ಆಟ, ದೀಪಾವಳಿಯ ರಾತ್ರಿ ದೀಪ ಹಿಡಿದು ಬಂದ ಅಂಟಿಗೆ ಪಂಟಿಗೆಯವರ ಹಾಡು, ಇವು ಬೇರೆಲ್ಲೂ ಇಲ್ಲ. ಬೀರುವಿನ ಆ ಒಂದು ತಟ್ಟೆಯಲ್ಲಿ ಮಾತ್ರ ಇವೆ. ವಿಸಿಡಿ ಎಂದರೇನು ಎಂದು ಈಗ ತಿಳಿದುಕೊಳ್ಳಬೇಕಾದ್ದು ಅದಕ್ಕಾಗಿ.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಸಂಗೀತಕ್ಕಾಗಿ. ಅದರಲ್ಲಿ 74 ನಿಮಿಷದ ಹಾಡು ಹಿಡಿಯುತ್ತಿತ್ತು. ಅದೇ ಜಾಗದಲ್ಲಿ, ಅದೇ ವೇಗದಲ್ಲಿ ಓದುತ್ತಾ, 74 ನಿಮಿಷದ ಚಿತ್ರವನ್ನೂ ತೋರಿಸಬೇಕಿತ್ತು. ನಮ್ಮ ಟಿವಿಗೆ ಸೆಕೆಂಡಿಗೆ 25 ಚೌಕಟ್ಟು, ಅಂದರೆ 25 ಬಿಡಿ ಚಿತ್ರ ಬೇಕು. ವಿಸಿಡಿಯ ಒಂದೊಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 352, ಎತ್ತರಕ್ಕೆ 288 ಚುಕ್ಕಿ. ಅದನ್ನು ಹಾಗೇ ಬರೆದಿಡಲು ಹೋದರೆ ಸೆಕೆಂಡಿಗೆ ಸುಮಾರು 3 ಕೋಟಿ ಬಿಟ್ (ಮಾಹಿತಿಯ ಅತಿ ಚಿಕ್ಕ ಅಳತೆ) ಬೇಕಾಗುತ್ತದೆ. ತಟ್ಟೆಯಿಂದ ಚಿತ್ರದ ಪಾಲಿಗೆ ಸಿಗುವುದು ಹನ್ನೊಂದೂವರೆ ಲಕ್ಷ ಬಿಟ್, ಅಂದರೆ ಸುಮಾರು 26ರಲ್ಲಿ ಒಂದು ಪಾಲು. ಇಷ್ಟು ಹಿಂಡುವ ಕೆಲಸ ಎಂಪೆಗ್-1 ಎಂಬ ವಿಧಾನದ್ದು. ಅದು ಎಲ್ಲ ಚೌಕಟ್ಟನ್ನೂ ಪೂರ್ತಿ ಬರೆಯುವುದಿಲ್ಲ. ಆಗಾಗ ಒಂದನ್ನು ಪೂರ್ತಿ ಬರೆದು, ಮಿಕ್ಕವುಗಳಲ್ಲಿ ಏನು ಬದಲಾಯಿತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತದೆ. ಗುರುತು ಹಾಕಲು ಚಿತ್ರವನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಗಳಾಗಿ ಮಾಡಿಕೊಳ್ಳುತ್ತದೆ.

ಮದುಮಕ್ಕಳು ಮಣೆಯ ಮೇಲೆ ಕೂತಿರುವಷ್ಟು ಹೊತ್ತು ಇದರಿಂದ ತೊಂದರೆಯಿಲ್ಲ. ಧಾರೆಯ ಗಳಿಗೆ ಬಂತು, ವಾಲಗ ಜೋರಾಯಿತು, ನಾಲ್ಕೂ ಕಡೆಯಿಂದ ಅಕ್ಷತೆ ಹಾರಿತು. ಒಂದೊಂದು ಕಾಳೂ ಒಂದೊಂದು ದಿಕ್ಕಿಗೆ. ಈಗ ಚಿತ್ರದಲ್ಲಿ ಬದಲಾಗದ ಜಾಗವೇ ಇಲ್ಲ. ಆದರೆ ಬಿಟ್ ಮಾತ್ರ ಅಷ್ಟೇ, ಒಂದೂ ಹೆಚ್ಚಿಲ್ಲ. ಹಾಗಾಗಿ ಇಡೀ ಮದುವೆಯಲ್ಲಿ ಎಲ್ಲರೂ ನೋಡಬಯಸುವ ಆ ಕ್ಷಣವೇ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಯಕ್ಷಗಾನದ ವೇಷ ಮಂಡಿ ಹಾಕಿ ಗಿರಗಿರನೆ ತಿರುಗುವಾಗಲೂ, ಮಾಡಿನಿಂದ ಮಳೆನೀರು ಧೋ ಎಂದು ಸುರಿಯುವಾಗಲೂ ಹೀಗೇ. ಇದನ್ನು ನೋಡಿ ಸಿಡಿ ಹಾಳಾಗಿದೆ ಎಂದು ತಿಪ್ಪೆಗೆ ಎಸೆದ ಮನೆಗಳಿವೆ, ಅದು ನನಗೆ ತುಂಬ ಸಂಕಟದ ಸಂಗತಿ. ಆ ತಟ್ಟೆ ಹಾಳಾಗಿರಲಿಲ್ಲ, ಬರೆದ ದಿನವೂ ಹಾಗೇ ಇತ್ತು. ಹಾಳಾದ ತಟ್ಟೆಯ ಲಕ್ಷಣ ಬೇರೆ. ಯಾರೂ ಅಲುಗಾಡದ ದೃಶ್ಯದಲ್ಲೂ ಚಿತ್ರ ಒಡೆಯುತ್ತದೆ, ತಡೆತಡೆದು ನಿಲ್ಲುತ್ತದೆ, ಧ್ವನಿ ಚಿಟಚಿಟ ಎನ್ನುತ್ತದೆ.

ವಿಸಿಡಿಗೆ ಗೀರು ಬೇಗ ತಾಗುವುದಕ್ಕೂ ಒಂದು ಕಾರಣವಿದೆ. ಕಂಪ್ಯೂಟರಿನ ಕಡತಗಳನ್ನು ಸಿಡಿಗೆ ಬರೆಯುವಾಗ ಪ್ರತಿ ತುಣುಕಿನಲ್ಲೂ 2048 ಬೈಟ್ ಮಾಹಿತಿ ಇಟ್ಟು, ಉಳಿದ ಜಾಗದ ಬಹುಪಾಲನ್ನು ತಪ್ಪು ತಿದ್ದಿಕೊಳ್ಳುವ ಲೆಕ್ಕಕ್ಕೆ ಬಿಡುತ್ತಾರೆ. ವಿಸಿಡಿಯಲ್ಲಿ ಆ ಹೆಚ್ಚಿನ ರಕ್ಷಣೆಯನ್ನು ತೆಗೆದು 2324 ಬೈಟ್ ಚಿತ್ರವನ್ನೇ ತುಂಬಿದರು. 650 ಎಂಬಿ ತಟ್ಟೆಯಲ್ಲಿ ಸುಮಾರು 740 ಎಂಬಿ ಹಿಡಿದದ್ದು ಹೀಗೆ. ಜಾಗ ಸಿಕ್ಕಿತು, ಗೀರು ತಡೆಯುವ ತಾಕತ್ತು ಕಡಿಮೆಯಾಯಿತು.

ಅಮೆರಿಕದಲ್ಲಿ ವಿಸಿಡಿ ನೆಲೆ ಕಾಣಲಿಲ್ಲ. ಅಲ್ಲಿ ವಿಎಚ್ಎಸ್ ಎಂಬ ವಿಡಿಯೊ ಟೇಪು ಬೇರು ಬಿಟ್ಟಿತ್ತು, ಅದರಲ್ಲಿ ಟಿವಿ ಕಾರ್ಯಕ್ರಮವನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಚೀನಾ, ಹಾಂಗ್‌ಕಾಂಗ್, ಇಂಡೊನೇಷ್ಯಾ, ಭಾರತದಲ್ಲಿ ವಿಸಿಡಿ ಗೆದ್ದಿತು. ಪ್ಲೇಯರ್ ಅಗ್ಗ, ತಟ್ಟೆ ಅಗ್ಗ, ಡಿವಿಡಿಯಂತೆ ಒಂದು ಪ್ರದೇಶದ ತಟ್ಟೆ ಇನ್ನೊಂದು ಪ್ರದೇಶದ ಪ್ಲೇಯರಿನಲ್ಲಿ ಓಡದಂತೆ ಹಾಕಿದ ಬೀಗವಿಲ್ಲ. ಮಲೆನಾಡಿಗೆ ಇನ್ನೂ ಎರಡು ಕಾರಣಗಳಿದ್ದವು. ಒಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ಟೇಪಿನ ಸುರುಳಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು, ಅದನ್ನು ಹಾಕಿದರೆ ಟೇಪು ಓಡಿಸುವ ವಿಸಿಪಿಯ ಹೆಡ್ಡೂ ಕೆಡುತ್ತಿತ್ತು. ಇನ್ನೊಂದು ನಮ್ಮ ಮನೆಗಳು ಕೂತಿರುವ ರೀತಿ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ನಡುವೆ ಕಾಡು, ಗದ್ದೆ, ಹಳ್ಳ. ಕೇಬಲ್ಲಿನವರು ಅಷ್ಟು ದೂರ ತಂತಿ ಎಳೆದು ಪೂರೈಸುವುದು ಎಲ್ಲಿಂದ? ದೂರದರ್ಶನದ ಅಲೆಗೆ ಗುಡ್ಡ ಅಡ್ಡ. ಮನೆ ಮೇಲೆ ಇಡುವ ಪುಟ್ಟ ಡಿಶ್‌ನ ಡಿಟಿಎಚ್ ಸೇವೆ ಭಾರತದಲ್ಲಿ ಶುರುವಾದದ್ದೇ 2003ರಲ್ಲಿ. ಅಲ್ಲಿಯವರೆಗೂ, ಅದಾದ ಮೇಲೂ ಕೆಲವು ವರ್ಷ, ಒಂಟಿ ಮನೆಗಳಿಗೆ ಬೇಕೆಂದಾಗ ಬೇಕಾದದ್ದು ನೋಡಲು ಇದ್ದ ದಾರಿ ಈ ತಟ್ಟೆ. ಸಂತೆಗೆ ಹೋದವರು ಬಾಡಿಗೆಗೆ ತರುತ್ತಿದ್ದರು. ಎರಡೂವರೆ ಗಂಟೆಯ ಸಿನಿಮಾಕ್ಕೆ ಎರಡೋ ಮೂರೋ ತಟ್ಟೆ. 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ ಮಾರತೊಡಗಿತು. ಆಮೇಲೆ ಡಿವಿಡಿ, ಪೆನ್‌ಡ್ರೈವ್, ಮೊಬೈಲ್. ಆ ಕಂಪನಿಯೇ 2018ರಲ್ಲಿ ಮುಚ್ಚುವ ಹಂತಕ್ಕೆ ಬಂತು.

ಮದುವೆ ಸಿಡಿಯ ಕಥೆಯನ್ನು ಇನ್ನಷ್ಟು ಹೇಳಬೇಕು. ಸ್ಟುಡಿಯೊದವರು ಟೇಪಿನಲ್ಲಿ ತೆಗೆದು, ಕತ್ತರಿಸಿ ಜೋಡಿಸಿ, ಸಿನಿಮಾ ಹಾಡು ಸೇರಿಸಿ ಸಿಡಿಗೆ ಬರೆದು ಕೊಡುತ್ತಿದ್ದರು. ಟೇಪಿಗೆ ಬೆಲೆ ಇತ್ತು, ಮುಂದಿನ ಮದುವೆಗೆ ಅದೇ ಟೇಪನ್ನು ಬಳಸುವುದು ವಾಡಿಕೆಯಾಗಿತ್ತು. ಹಾಗಾಗಿ ಮೂಲ ಎಂಬುದು ಈಗ ಹುಡುಕಿದರೂ ಸಿಗುವುದಿಲ್ಲ. ಬಂದವರ ಮಾತು, ನಗು, ಹೆಂಗಸರು ಹೇಳಿದ ಸೋಬಾನೆ ಬಹುಪಾಲು ಆ ಸಿನಿಮಾ ಹಾಡಿನ ಅಡಿಯಲ್ಲಿ ಹೋಯಿತು. ಹಾಡು ತುಂಬದೆ ಬಿಟ್ಟ ಕೆಲವು ನಿಮಿಷಗಳಲ್ಲಿ, ಮಂತ್ರದ ನಡುವೆ, ಹಿಂದಿನಿಂದ ಯಾರೋ ‘ಅಪ್ಪಿ, ಆ ಕಡೆ ನಿಂತ್ಕ’ ಎಂದದ್ದು ಕೇಳಿಸುತ್ತದೆ. ಈಗ ಇಲ್ಲದವರ ಧ್ವನಿ ಎಷ್ಟೋ ಮನೆಯಲ್ಲಿ ಉಳಿದಿರುವುದು ಅಷ್ಟೇ.

ಇಂಥ ತಟ್ಟೆಯೇ ಮೊದಲು ಹೋಗುವುದು. ಸಿನಿಮಾ ವಿಸಿಡಿಯಲ್ಲಿ ಮಾಹಿತಿ ಅಚ್ಚೊತ್ತಿದ ಕುಳಿಗಳ ರೂಪದಲ್ಲಿರುತ್ತದೆ. ಸ್ಟುಡಿಯೊದಲ್ಲಿ ಬರೆದದ್ದು ಸಿಡಿ-ಆರ್: ಅದರೊಳಗೆ ತೆಳುವಾದ ಬಣ್ಣದ ಪದರವಿದೆ, ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಕೆ, ಥಂಡಿಗೆ ಆ ಬಣ್ಣ ಕೆಡುತ್ತದೆ. ನಾವು ಕೆಳಗಿನ ಹೊಳೆಯುವ ಮೈಗೆ ಗೀರು ಬೀಳದಂತೆ ಕಾಯುತ್ತೇವೆ, ಅಲ್ಲಿ ಒಂದು ಮಿಲಿಮೀಟರಿಗೂ ದಪ್ಪದ ಪ್ಲಾಸ್ಟಿಕ್ ಇದೆ. ಹೆಸರು ಬರೆಯುವ ಮೇಲಿನ ಮೈಗೆ ಇರುವುದು ವಾರ್ನಿಶಿನಂಥ ಒಂದು ತೆಳು ಲೇಪ ಮಾತ್ರ, ಬೆಳ್ಳಿಬಣ್ಣದ ಪದರ ಅದರ ಕೆಳಗೇ ಇದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೂ ಏಟು ಬೀಳುತ್ತದೆ. ಮದುಮಕ್ಕಳ ಫೋಟೊ ಅಂಟಿಸಿದ ಸ್ಟಿಕ್ಕರ್ ಮಳೆಗಾಲದಲ್ಲಿ ಎದ್ದಾಗ ಕಿತ್ತರೆ ಬೆಳ್ಳಿಯೂ ಜೊತೆಗೇ ಬರುತ್ತದೆ, ಅದು ಹೋದಲ್ಲಿ ಚಿತ್ರವೂ ಹೋಯಿತು. ಬೂಷ್ಟಿನಿಂದ ಸಿಡಿಗೆ ಅಪಾಯವಿಲ್ಲ ಎಂದೂ ಹೇಳುವಂತಿಲ್ಲ. ಮಧ್ಯ ಅಮೆರಿಕದ ಬೆಲೀಜ್‌ನ ಸೆಕೆ ಹವೆಯಲ್ಲಿದ್ದ ಸಿಡಿಯೊಂದರ ಪದರಗಳನ್ನು ಶಿಲೀಂಧ್ರ ತಿಂದಿದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದಾರೆ. ಆಗುಂಬೆಯ ಸುತ್ತಮುತ್ತಲ ಮನೆಗಳ ಹವೆ ಅದಕ್ಕೆ ಕಡಿಮೆಯದಲ್ಲ.

ಮನೆಯಲ್ಲಿ ಇಂಥ ತಟ್ಟೆ ಇದ್ದರೆ ಈ ಮಳೆಗಾಲಕ್ಕೆ ಮುಂಚೆ ನಕಲು ಮಾಡಿ. ಮೆತ್ತನೆಯ ಹತ್ತಿಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಉಜ್ಜಬೇಡಿ. ಸ್ಟಿಕ್ಕರ್ ಇದ್ದರೆ ಇದ್ದ ಹಾಗೇ ಬಿಡಿ. ಕಂಪ್ಯೂಟರಿಗೆ ಹಾಕಿದಾಗ ಎಂಪೆಗ್‌ಎವಿ (MPEGAV) ಎಂಬ ಫೋಲ್ಡರ್ ಕಾಣುತ್ತದೆ, ಅದರೊಳಗಿನ ಡ್ಯಾಟ್ (.DAT) ಕಡತವೇ ನಿಮ್ಮ ಮದುವೆ. ಅದನ್ನು ಇದ್ದಂತೆಯೇ ಹಾರ್ಡ್‌ಡಿಸ್ಕಿಗೆ ತೆಗೆದುಕೊಳ್ಳಿ, ವಿಎಲ್‌ಸಿ ಎಂಬ ವಿಡಿಯೊ ತೋರಿಸುವ ತಂತ್ರಾಂಶದಲ್ಲಿ ಓಡುತ್ತದೆ. ಚಿಕ್ಕದು ಮಾಡುವ ತಂತ್ರಾಂಶಕ್ಕೆ ಕೊಡಬೇಡಿ, ಮೊದಲೇ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಮುಖಗಳು ಇನ್ನಷ್ಟು ಮಸುಕಾಗುತ್ತವೆ. ಒಂದು ಡ್ರೈವ್ ಓದದಿದ್ದರೆ ಇನ್ನೊಂದರಲ್ಲಿ ನೋಡಿ, ಲ್ಯಾಪ್‌ಟಾಪಿನದು ಸೋತಲ್ಲಿ ಹಳೆಯ ಡೆಸ್ಕ್‌ಟಾಪಿನದು ಎಷ್ಟೋ ಸಲ ಓದಿಬಿಡುತ್ತದೆ. ಇನ್ನೊಂದು ಎಚ್ಚರ: ಸಾಮಾನ್ಯವಾಗಿ ಎಲ್ಲ ವಿಸಿಡಿಯಲ್ಲೂ ಆ ಮೊದಲ ಕಡತದ ಹೆಸರು ಒಂದೇ, ಎವಿಸೀಕ್01 (AVSEQ01). ಎರಡನೇ ತಟ್ಟೆಯದನ್ನು ಅದೇ ಫೋಲ್ಡರಿಗೆ ಹಾಕಿದರೆ ಮೊದಲನೆಯದು ಅಳಿದುಹೋಗಬಹುದು. ಒಂದನ್ನು ತೆಗೆದ ಕೂಡಲೇ ಯಾರ ಮದುವೆ, ಯಾವ ಊರು, ಎಷ್ಟನೇ ತಟ್ಟೆ ಎಂದು ಹೆಸರು ಬದಲಿಸಿ, ಆಮೇಲೆ ಇನ್ನೊಂದನ್ನು ಹಾಕಿ.