ಮೋಟರ್ ಕೂರಿಸಿದ ಸೈಕಲ್ಲಿಗೆ ಮುಂದಿನ ಶಾಕ್ ಫೋರ್ಕ್: ಆರಿಸುವುದು, ಕೂರಿಸುವುದು

ಮೋಟರ್ ಕಿಟ್ ಹಾಕಿದ ಸೈಕಲ್ಲಿಗೆ ಶಾಕ್ ಇರುವ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ತರಲು ಹೋದರೆ ಅಂಗಡಿಯಲ್ಲಿ ಮೊದಲು ಬರುವ ಮಾತು ‘ಎಷ್ಟು ಟ್ರಾವೆಲ್ ಬೇಕು?’ (ಟ್ರಾವೆಲ್ ಅಂದರೆ ಶಾಕ್ ಪೂರ್ತಿ ಒತ್ತಿದಾಗ ಇಳಿಯುವ ದೂರ.) ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಮೋಟರ್ ಯಾವ ಚಕ್ರದಲ್ಲಿದೆ ಅನ್ನೋದು ಮೊದಲನೆಯದು. ಈಗಿರುವ ಫೋರ್ಕ್ ಎಷ್ಟು ಉದ್ದ ಅನ್ನೋದು ಎರಡನೆಯದು. ಈ ಟಿಪ್ಪಣಿ ಬರೆಯುವಾಗ ನನ್ನ ಮುಂದಿರುವುದು 26 ಇಂಚಿನ ಸಾದಾ ಎಂಟಿಬಿ (ಮೌಂಟನ್ ಬೈಕ್), ಅದಕ್ಕೆ 36 ವೋಲ್ಟಿನ 250 ವ್ಯಾಟ್ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ಮೋಟರ್). ರಾಡ್ ಬ್ರೇಕಿನ 28 ಇಂಚಿನ ಹಳೇ ಸೈಕಲ್ಲಾದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅದರ ರಿಮ್ಮಿನ ಅಳತೆಯೇ ಬೇರೆ (635 ಮಿ.ಮೀ., ನಮ್ಮದು 559), ರಾಡ್ ಬ್ರೇಕಿಗೆ ಶಾಕ್ ಫೋರ್ಕಿನಲ್ಲಿ ಜಾಗವೂ ಇರುವುದಿಲ್ಲ.

ಮೋಟರ್ ಮುಂದಿದ್ದರೆ

ಮುಂದಿನ ಚಕ್ರದಲ್ಲೇ ಹಬ್ ಮೋಟರ್ ಇದ್ದರೆ ಶಾಕ್ ಫೋರ್ಕ್ ಬೇಡ. ಚಕ್ರ ಮುಂದಕ್ಕೆ ತಿರುಗುವಾಗ ಅಚ್ಚು ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಅಚ್ಚಿನ ಎರಡು ಚಪ್ಪಟೆ ಮುಖಗಳು, ಅವು ಒತ್ತುವುದು ಫೋರ್ಕಿನ ತುದಿಯ ಸೀಳನ್ನು. ಶಾಕ್ ಫೋರ್ಕಿನ ಕೆಳಗಿನ ಕಾಲುಗಳು ಹೆಚ್ಚಾಗಿ ಮೆಗ್ನೀಸಿಯಂ ಅಥವಾ ಅಲ್ಯುಮಿನಿಯಂ ಎರಕ. ಉಕ್ಕು ಬಾಗಿ ಮುನ್ಸೂಚನೆ ಕೊಡುತ್ತದೆ, ಎರಕ ಹಾಗಲ್ಲ, ಪಟ್ ಅಂತ ಸೀಳಿಬಿಡುತ್ತದೆ. ಮುಂದಿನ ಸೀಳು ಸಾಮಾನ್ಯವಾಗಿ 9 ಮಿ.ಮೀ., ಮೋಟರಿನ ಚಪ್ಪಟೆ ಅಚ್ಚು 10 ಮಿ.ಮೀ. ‘ಸ್ವಲ್ಪ ಅರ ಹಾಕಿದರೆ ಕೂರುತ್ತೆ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಾಲದ್ದಕ್ಕೆ ಸೀಳಿನ ಸುತ್ತ ಒಂದು ಸಣ್ಣ ಅಂಚು ಎದ್ದಿರುತ್ತದೆ, ಅದರಿಂದ ವಾಷರ್ ಸಮವಾಗಿ ಕೂರುವುದಿಲ್ಲ. ಟಾರ್ಕ್ ಆರ್ಮ್ (ಅಚ್ಚು ತಿರುಗದಂತೆ ಹಿಡಿದು ಫೋರ್ಕಿಗೆ ಕಟ್ಟುವ ಪಟ್ಟಿ) ಹಾಕೋಣ ಅಂದರೆ ದುಂಡನೆಯ ಎರಕದ ಕಾಲಿಗೆ ಗಟ್ಟಿಯಾಗಿ ಕಟ್ಟುವುದಾದರೂ ಎಲ್ಲಿಗೆ?

ಹಾಗಾಗಿ ಮುಂದೆ ಮೋಟರ್, ಉಕ್ಕಿನ ಗಟ್ಟಿ ಫೋರ್ಕ್, ಟಾರ್ಕ್ ಆರ್ಮ್. ಇಲ್ಲವೇ ಹಿಂದೆ ಮೋಟರ್, ಮುಂದೆ ಶಾಕ್. ಇಲ್ಲಿಂದ ಮುಂದೆ ಎರಡನೆಯದರ ಮಾತು.

ಉದ್ದದ ಲೆಕ್ಕ (ನನಗೆ ಬೇಗ ತಲೆಗೆ ಹತ್ತದ್ದು)

ಅಚ್ಚಿನ ನಡುವಿನಿಂದ ಫೋರ್ಕಿನ ಭುಜದ ಮೇಲೆ ಬೇರಿಂಗಿನ ಕೋನ್ ಕೂರುವ ಜಾಗದವರೆಗೆ ಅಳೆಯಿರಿ. ಈ ಉದ್ದ ಜಾಸ್ತಿಯಾದಷ್ಟೂ ಸೈಕಲ್ಲಿನ ಮೂತಿ ಮೇಲೇಳುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ತೊಡಕು ಇರುವುದು ಇಲ್ಲಿ: ಹೊಸ ಫೋರ್ಕಿನ ಉದ್ದವನ್ನು ಹಳೆಯದಕ್ಕೆ ನೇರವಾಗಿ ಹೋಲಿಸುವ ಹಾಗಿಲ್ಲ. ಗಟ್ಟಿ ಫೋರ್ಕ್ ನೀವು ಕೂತರೂ ಅಷ್ಟೇ ಉದ್ದ. ಶಾಕ್ ಫೋರ್ಕ್ ಕೂತ ತಕ್ಷಣ ಒಂದಿಷ್ಟು ಇಳಿಯುತ್ತದೆ. ಆ ಇಳಿತಕ್ಕೆ ಸ್ಯಾಗ್ ಅನ್ನುತ್ತಾರೆ, ಟ್ರಾವೆಲ್ಲಿನ 20ರಿಂದ 25 ಶೇಕಡಾ ಇರಬೇಕು. ಹೋಲಿಸುವಾಗ ಅದನ್ನು ಕಳೆದೇ ಹೋಲಿಸಬೇಕು.

ಒಂದು ಲೆಕ್ಕ ಮಾಡೋಣ. ಹಳೇ ಫೋರ್ಕ್ 410 ಮಿ.ಮೀ. ಅಂದುಕೊಳ್ಳಿ. 80 ಮಿ.ಮೀ. ಟ್ರಾವೆಲ್ಲಿನ ಹೊಸ ಫೋರ್ಕ್ ಸುಮಾರು 450. ಸ್ಯಾಗ್ 20 ಶೇಕಡಾ ಅಂದರೆ 16. 450ರಲ್ಲಿ 16 ಹೋದರೆ 434. ನಿಜವಾದ ಏರಿಕೆ 40 ಅಲ್ಲ, 24. ಈಗ 100 ಮಿ.ಮೀ. ಟ್ರಾವೆಲ್ ನೋಡಿ: ಉದ್ದ ಸುಮಾರು 470, ಸ್ಯಾಗ್ 20, ಉಳಿದದ್ದು 450, ಏರಿಕೆ 40.

ಏರಿಕೆ ಗೊತ್ತಾದರೆ ಕೋನ ಸುಲಭ. ಎರಡು ಅಚ್ಚುಗಳ ನಡುವಿನ ದೂರ ಸುಮಾರು 1050 ಮಿ.ಮೀ. ಇರುವ ಸೈಕಲ್ಲಿನಲ್ಲಿ ಮುಂದೆ 20 ಮಿ.ಮೀ. ಏರಿದರೆ ಹ್ಯಾಂಡಲ್ ಕೊಳವೆ (ಫ್ರೇಮಿನ ಮುಂದೆ ಫೋರ್ಕಿನ ಕತ್ತು ಹಾಯುವ ಕೊಳವೆ) ಸುಮಾರು 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. 24 ಅಂದರೆ ಒಂದೂಕಾಲು ಡಿಗ್ರಿ ಹತ್ತಿರ, 40 ಅಂದರೆ 2 ಡಿಗ್ರಿ ದಾಟುತ್ತದೆ.

ಡಿಗ್ರಿಯಿಂದ ಏನಾಗುತ್ತದೆ? ಮುಂದಿನ ಚಕ್ರದ ಟ್ರೇಲ್ (ಹ್ಯಾಂಡಲ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ನಡುವಿನ ದೂರ) ಬೆಳೆಯುತ್ತದೆ. ಕೋನ 71 ಡಿಗ್ರಿ, ಫೋರ್ಕಿನ ಮುಂಚಾಚು (ಆ ತಿರುಗುವ ಗೆರೆಯಿಂದ ಅಚ್ಚು ಮುಂದಕ್ಕಿರುವ ದೂರ) 40 ಮಿ.ಮೀ. ಇಟ್ಟು ಲೆಕ್ಕ ಹಾಕಿದರೆ ಟ್ರೇಲ್ ಸುಮಾರು 73 ಮಿ.ಮೀ. ಕೋನ 69.7ಕ್ಕೆ ಇಳಿದರೆ 81. ನೇರ ರಸ್ತೆಯಲ್ಲಿ 25 ಕಿ.ಮೀ. ವೇಗಕ್ಕೆ ಇದು ಒಳ್ಳೆಯದೇ, ಸೈಕಲ್ ಸ್ಥಿರವಾಗಿ ಹೋಗುತ್ತದೆ. ಆದರೆ ಟ್ರಾಫಿಕ್ಕಿನಲ್ಲಿ ನಿಧಾನ ಹೋಗುವಾಗ ಹ್ಯಾಂಡಲ್ ತಾನಾಗಿ ಪಕ್ಕಕ್ಕೆ ಬೀಳಲು ನೋಡುತ್ತದೆ. ಅದೂ ಅಲ್ಲದೆ ನಮ್ಮ ಮೋಟರ್ ಹಿಂದಿದೆ. ತೂಕವೂ ಹಿಂದೆ, ತಳ್ಳುವುದೂ ಹಿಂದಿನಿಂದ. ಮೂತಿ ಎತ್ತಿದರೆ ಸೀಟೂ ಹಿಂದಕ್ಕೆ ವಾಲುತ್ತದೆ. ಏರಿನಲ್ಲಿ ಥ್ರಾಟಲ್ ಒತ್ತಿದಾಗ ಮುಂದಿನ ಚಕ್ರ ಹಗುರವಾಗಿ ಅಲೆದಾಡುವುದು ಇದರಿಂದಲೇ. ಬರೀ ಪೆಡಲ್ ತುಳಿಯುವವರಿಗೆ ಇದು ಅಷ್ಟಾಗಿ ಕಾಣಲಿಕ್ಕಿಲ್ಲ, ನಮಗೆ ಕಾಣುತ್ತದೆ.

ಅದಕ್ಕೇ ಗಟ್ಟಿ ಫೋರ್ಕಿನ ಹಳೇ ಫ್ರೇಮಿಗೆ 80 ಮಿ.ಮೀ. ಸಾಕು, ಕಡಿಮೆ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮೂರಿನ ಹಂಪು, ಗುಂಡಿಗಳಿಗೆ ಅದಕ್ಕಿಂತ ಜಾಸ್ತಿ ಬೇಕಾಗುವುದೂ ಇಲ್ಲ. ಫೋರ್ಕ್ ಉದ್ದವಾದಷ್ಟೂ ಬ್ರೇಕ್ ಹಿಡಿದಾಗ ಹ್ಯಾಂಡಲ್ ಕೊಳವೆಯ ಬೆಸುಗೆಗೆ ಬೀಳುವ ಒತ್ತಡವೂ ಜಾಸ್ತಿ, ಅಲ್ವಾ?

ಕತ್ತಿನ ಅಳತೆ

ವರ್ನಿಯರ್ ಇಲ್ಲದಿದ್ದರೂ ನಡೆಯುತ್ತದೆ. ಹಳೇ ಫೋರ್ಕ್ ಹೊರಗೆಳೆದು, ನೂಲಿಲ್ಲದ (ಸ್ಕ್ರೂ ಥರದ ಗೆರೆಯಿಲ್ಲದ) ಭಾಗದಲ್ಲಿ ಅದರ ಕತ್ತಿಗೆ (ಭುಜದಿಂದ ಮೇಲೆ ಹೋಗುವ ಕೊಳವೆಗೆ) ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿ ಅಳೆಯಿರಿ. 80 ಮಿ.ಮೀ. ಬಂದರೆ 1 ಇಂಚಿನ ಕತ್ತು (25.4). 90 ಬಂದರೆ ಒಂದೂ ಎಂಟನೇ ಒಂದು ಇಂಚು (28.6). ನಡುವೆ 10 ಮಿ.ಮೀ. ಅಂತರ ಇರುವುದರಿಂದ ಗೊಂದಲಕ್ಕೆ ಜಾಗವೇ ಇಲ್ಲ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಕೆಳಗೆ ದಪ್ಪ, ಮೇಲೆ ಸಣ್ಣ ಇರುವ ಕತ್ತಿನ ಫೋರ್ಕ್ ಹಳೇ ನೇರ ಕೊಳವೆಗೆ ಹೋಗುವುದಿಲ್ಲ, ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಡಿ.

ಕತ್ತಿಗೆ ನೂಲು ಇದೆಯೋ ಇಲ್ಲವೋ ಅನ್ನೋದನ್ನೂ ನೋಡಿ. ನೂಲಿಲ್ಲದ್ದಾದರೆ ಹೆಡ್‌ಸೆಟ್ಟೂ (ಕತ್ತು ತಿರುಗಲು ಬೇಕಾದ ಬೇರಿಂಗುಗಳು) ಸ್ಟೆಮ್ಮೂ (ಹ್ಯಾಂಡಲ್ಲನ್ನು ಕತ್ತಿಗೆ ಹಿಡಿಸುವ ತುಂಡು) ಅದಕ್ಕೆ ಹೊಂದುವಂಥವು ಬೇಕು. ಬ್ರೇಕ್ ಯಾವುದು ಅಂತಲೂ ನೋಡಿಕೊಳ್ಳಿ: ಹೊಸ ಫೋರ್ಕಿನಲ್ಲಿ ವಿ-ಬ್ರೇಕಿಗೆ ಗೂಟಗಳು, ಡಿಸ್ಕ್ ಬ್ರೇಕಿಗೆ ಅದನ್ನು ಬಿಗಿಯುವ ಕಿವಿ ಇರಬೇಕು.

ಕೂರಿಸುವುದು

ಬಿಚ್ಚುವಾಗ ಬೇರಿಂಗಿನ ಗುಂಡುಗಳ ಪಂಜರ ಯಾವ ಮುಖ ಮೇಲಿತ್ತು ಅಂತ ಫೋಟೋ ತೆಗೆದಿಡಿ. ಬೇರಿಂಗಿನ ಕೋನನ್ನು ಹೊಸ ಫೋರ್ಕಿಗೆ ಇಳಿಸಲು ಕತ್ತಿಗಿಂತ ಸ್ವಲ್ಪವೇ ದೊಡ್ಡದಾದ ಪೈಪ್ ತುಂಡು ಸಾಕು, ಸುತ್ತಲೂ ಸಮವಾಗಿ ಬಡಿಯಿರಿ. ಭುಜಕ್ಕೂ ಕೋನಿಗೂ ನಡುವೆ ಕೂದಲೆಳೆಯಷ್ಟೂ ಬೆಳಕು ಕಾಣಬಾರದು.

ನೂಲಿಲ್ಲದ ಕತ್ತಾದರೆ, ಕತ್ತರಿಸುವ ಮುಂಚೆ ಎಲ್ಲ ಜೋಡಿಸಿ ಸ್ಟೆಮ್ಮಿನ ಮೇಲ್ತುದಿಯಲ್ಲಿ ಗುರುತು ಹಾಕಿ. ಅದಕ್ಕಿಂತ 3 ಮಿ.ಮೀ. ಕೆಳಗೆ ಕತ್ತರಿಸಿ. ಸ್ಟಾರ್ ನಟ್ (ಮೇಲಿನ ಮುಚ್ಚಳದ ಬೋಲ್ಟ್ ಹಿಡಿಯಲು ಕತ್ತಿನೊಳಗೆ ಇಳಿಸುವ ನಟ್) ಕತ್ತಿನ ತುದಿಯಿಂದ ಸುಮಾರು 15 ಮಿ.ಮೀ. ಒಳಗಿರಲಿ. ಮೇಲಿನ ಮುಚ್ಚಳದ ಬೋಲ್ಟ್ ಹ್ಯಾಂಡಲ್ಲನ್ನು ಹಿಡಿಯುವುದಿಲ್ಲ, ಬೇರಿಂಗಿನ ಸಡಿಲ ತೆಗೆಯುವುದಷ್ಟೇ ಅದರ ಕೆಲಸ. ಹಿಡಿಯುವುದು ಸ್ಟೆಮ್ಮಿನ ಪಕ್ಕದ ಬೋಲ್ಟುಗಳು. ಮೊದಲು ಮುಚ್ಚಳ, ಆಮೇಲೆ ಪಕ್ಕದವು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿ, ಕೆಳಗಿನ ಕಪ್ಪಿನ ಸಂದಿಯಲ್ಲಿ ಬೆರಳಿಡಿ. ಟಕ್ ಅಂತ ತಾಗಿದರೆ ಇನ್ನೂ ಸಡಿಲ ಇದೆ. ಬೆರಳು ಅಲ್ಲೇ ಇರಬೇಕು, ಯಾಕೆಂದರೆ ಶಾಕಿನ ಕಾಲುಗಳೂ ಒಂಚೂರು ಆಡುತ್ತವೆ.

ಸ್ಯಾಗ್ ಅಳೆಯಲು ಒಳಗಿನ ಕಾಲಿಗೆ ಒಂದು ಜಿಪ್ ಟೈ ಕಟ್ಟಿ, ಬ್ಯಾಟರಿ, ಬ್ಯಾಗು ಸಮೇತ ಕೂತು, ಮೆಲ್ಲಗೆ ಇಳಿದು ನೋಡಿ. ಮೇಲಿನ ಪ್ರೀಲೋಡ್ ಗುಬುಟು ತಿರುಗಿಸಿದರೆ ಸ್ಪ್ರಿಂಗ್ ಗಡುಸಾಗುವುದಿಲ್ಲ, ಎಷ್ಟು ತೂಕಕ್ಕೆ ಇಳಿಯಲು ಶುರುವಾಗುತ್ತದೆ ಅನ್ನೋದು ಮಾತ್ರ ಬದಲಾಗುತ್ತದೆ. ಪೂರ್ತಿ ತಿರುಗಿಸಿದರೂ ಇಳಿತ ಜಾಸ್ತಿ ಅನ್ನಿಸಿದರೆ ಸ್ಪ್ರಿಂಗೇ ಬದಲಿಸಬೇಕು.

ಟೈರಿನ ನೆತ್ತಿಯಿಂದ ಫೋರ್ಕಿನ ಭುಜದ ಅಡಿಯವರೆಗಿನ ಸಂದಿ ಟ್ರಾವೆಲ್ಲಿಗಿಂತ ಜಾಸ್ತಿ ಇರಬೇಕು. 80 ಟ್ರಾವೆಲ್ಲಿಗೆ 90 ಇದ್ದರೆ ನೆಮ್ಮದಿ. ಮಳೆಗಾಲಕ್ಕೆ ಮಡ್‌ಗಾರ್ಡ್ ಹಾಕುವವರು ಅದನ್ನು ಭುಜಕ್ಕೆ ಬಿಗಿಯಬೇಡಿ. ಭುಜ ಇಳಿದಾಗ ಅದು ಟೈರಿಗೆ ತಾಗಿ ಚಕ್ರ ಹಿಡಿದುಕೊಳ್ಳಬಹುದು. ಕೆಳಗಿನ ಎರಡು ಕಾಲುಗಳನ್ನು ಸೇರಿಸುವ ಕಮಾನಿಗೆ ಬಿಗಿದರೆ ಅದು ಚಕ್ರದ ಜೊತೆಗೇ ಏರುತ್ತದೆ, ಇಳಿಯುತ್ತದೆ.