ಮುಟ್ಟಿದರೆ ನುಣುಪು, ತೇಯ್ದರೆ ಅರ

ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳ ಕೆರೆದು, ಉದುರಿದ ಮಸಿಯನ್ನು ಒಂದು ಲೋಟ ನೀರಿಗೆ ಹಾಕಿ ನೋಡಿ. ಬೆರೆಯುವುದಿಲ್ಲ. ಸುಮ್ನೆ ಮೇಲೆ ತೇಲುತ್ತದೆ. ಕಲಕಿದರೆ ಬೆರಳಿಗೆ ಮೆತ್ತಿಕೊಳ್ಳುತ್ತದೆಯೇ ಹೊರತು ನೀರಿಗೆ ಸೇರುವುದಿಲ್ಲ. ಕನ್ನಡದಲ್ಲಿ ಪಾತ್ರೆಯ ತಳದ ಕಪ್ಪಿಗೂ ಬರೆಯುವ ಶಾಯಿಗೂ ಮಸಿ ಎಂದೇ ಹೆಸರು. ಆದರೆ ಆ ಮಸಿ ಈ ಮಸಿಯಾಗಲು ನಡುವೆ ಸಾಕಷ್ಟು ಕೆಲಸವಿದೆ. ಚೀನಾದ ಕ್ಯಾಲಿಗ್ರಫಿಯಲ್ಲಿ ಅದರ ಕೊನೆಯ ಪಾಲು ಒಂದು ಕಲ್ಲಿನದು.

ಮೊದಲ ಪಾಲು ಅಂಟಿನದು. ಪೈನ್ ಮರವನ್ನೋ ಎಣ್ಣೆಯನ್ನೋ ಉರಿಸಿ ಹಿಡಿದ ಮಸಿಗೆ, ಪ್ರಾಣಿಗಳ ಚರ್ಮ ಕುದಿಸಿ ತೆಗೆದ ಅಂಟು ಸೇರಿಸಿ ನಾದುತ್ತಾರೆ. ಅಚ್ಚಿಗೆ ಹಾಕಿ ಒಣಗಿಸಿದರೆ ಗಟ್ಟಿಯಾದ ಮಸಿಕಡ್ಡಿ ಸಿದ್ಧ. ಇದರಲ್ಲಿರುವ ಇಂಗಾಲದ ಕಣಗಳು ತೀರಾ ಸಣ್ಣವು. ಹತ್ತು ಸಾವಿರ ಕಣ ಸಾಲಾಗಿ ನಿಂತರೂ ಒಂದು ಮಿಲಿಮೀಟರ್ ದಾಟುವುದು ಕಷ್ಟ. ಅಂಟಿನ ಪ್ರೋಟೀನು ಈ ಕಣಗಳಿಗೆ ಹೊದಿಕೆಯಾಗುತ್ತದೆ. ನೀರಿನ ಜೊತೆ ಹೊಂದಿಕೊಳ್ಳುವುದೂ, ಕಣಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟದಂತೆ ತಡೆಯುವುದೂ ಈ ಹೊದಿಕೆಯೇ.

ಇನ್ನು ಕಲ್ಲು. ಚೀನಿಯರು ಅದನ್ನು ಯಾನ್ ಎನ್ನುತ್ತಾರೆ. ಒಂದು ಕಡೆ ಸಮತಟ್ಟು, ತುದಿಯಲ್ಲಿ ಒಂದು ಗುಂಡಿ. ಸಮತಟ್ಟಾದ ಕಡೆ ನಾಲ್ಕು ಹನಿ ನೀರು ಬಿಟ್ಟು, ಕಡ್ಡಿಯನ್ನು ನೆಟ್ಟಗೆ ಹಿಡಿದು, ಸುತ್ತು ಸುತ್ತಾಗಿ ತೇಯಬೇಕು. ಗಂಧ ತೇಯ್ದು ಅಭ್ಯಾಸ ಇದ್ದವರಿಗೆ ಕೈ ತಾನಾಗಿ ತಿರುಗುತ್ತದೆ. ಆದರೆ ಇಲ್ಲಿ ಜಾಸ್ತಿ ಒತ್ತುವಂತಿಲ್ಲ. ಒತ್ತಿದರೆ ಮಸಿ ತರಿತರಿಯಾಗುತ್ತದೆ. ಮೊದಲು ನೀರಿನಲ್ಲಿ ಬೂದು ಎಳೆಗಳು ಕಾಣುತ್ತವೆ. ಆಮೇಲೆ ಕಪ್ಪು ದಟ್ಟವಾಗಿ, ಮೇಲೆ ಎಣ್ಣೆಯಂಥ ಹೊಳಪು ಬರುತ್ತದೆ. ಕಡ್ಡಿ ಹೋದ ದಾರಿ ತಕ್ಷಣ ಮುಚ್ಚಿಕೊಳ್ಳದೆ ಒಂದು ಕ್ಷಣ ಹಾಗೇ ಉಳಿದರೆ ಮಸಿ ಹದಕ್ಕೆ ಬಂದಂತೆ.

ಹಾಗಾದರೆ ಯಾವ ಕಲ್ಲಾದರೂ ನಡೆಯುತ್ತದಲ್ವಾ? ಇಲ್ಲ. ಒರಟು ಕಲ್ಲಿನಲ್ಲಿ ಮಸಿ ಬೇಗ ಇಳಿಯುತ್ತದೆ, ಆದರೆ ನಯವಾಗಿರುವುದಿಲ್ಲ. ಕುಂಚದ ಕೂದಲೂ ಹಾಳು. ಗಾಜಿನಷ್ಟು ನುಣುಪಾದರೆ ಕಡ್ಡಿ ಜಾರುತ್ತದೆ, ಗಂಟೆಗಟ್ಟಲೆ ತೇಯ್ದರೂ ನೀರು ತಿಳಿಕಪ್ಪೇ. ಎರಡೂ ಗುಣ ಒಟ್ಟಿಗೆ ಇರುವ ಕಲ್ಲು ಬೇಕು. ಗುವಾಂಗ್‌ಡಾಂಗ್ ಪ್ರಾಂತದ ಝಾವೋಚಿಂಗ್ ಬಳಿಯ ದುವಾನ್ ಕಲ್ಲು ಅಂಥದ್ದು. ಅದರ ಬಹುಪಾಲು ಅಭ್ರಕದ ಜಾತಿಯ ಮೆತ್ತನೆ ಖನಿಜ. ನಡುನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸ್ಫಟಿಕ ಶಿಲೆಯ ಹರಳುಗಳು. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅಭ್ರಕ 3ರ ಆಸುಪಾಸು, ಸ್ಫಟಿಕ ಶಿಲೆ 7. ಬೆರಳಿಗೆ ಮೆತ್ತನೆಯದ್ದೇ ಗೊತ್ತಾಗುತ್ತದೆ, ಕಡ್ಡಿಗೆ ಮಾತ್ರ ಹರಳಿನ ಮೊನೆ ತಾಗುತ್ತದೆ. ಈ ಮೊನೆಗಳಿಗೆ ಚೀನಿಯರು ಫೆಂಗ್‌ಮಾಂಗ್ ಎನ್ನುತ್ತಾರೆ. ಕತ್ತಿಯ ಮೊನೆ, ತೆನೆಯ ಮುಳ್ಳು, ಎರಡೂ ಸೇರಿದ ಮಾತು. ಬಳಸಿ ಬಳಸಿ ಮೊಂಡಾದರೆ ನಯವಾದ ಸಾಣೆಕಲ್ಲಿನಿಂದ ಹಗುರವಾಗಿ ಉಜ್ಜುತ್ತಾರೆ.

ತೇಯ್ದದ್ದನ್ನು ನಾಳೆಗೆ ಇಡುವ ಹಾಗಿಲ್ಲ. ಒದ್ದೆ ಅಂಟು ಕೆಡುತ್ತದೆ, ಹೊದಿಕೆ ಹೋದ ಕಣಗಳು ಗಡ್ಡೆ ಕಟ್ಟುತ್ತವೆ. ಕಲ್ಲನ್ನೂ ತೊಳೆದಿಡಬೇಕು. ಇಲ್ಲದಿದ್ದರೆ ಒಣಗಿದ ಮಸಿ ಆ ಮೊನೆಗಳನ್ನೇ ಮುಚ್ಚಿಬಿಡುತ್ತದೆ.

1975ರ ಉತ್ಖನನದಲ್ಲಿ ಹುಬೇ ಪ್ರಾಂತದ ಶುಯಿಹುದಿಯ ಸಮಾಧಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಇಂಥ ಕಲ್ಲು ಸಿಕ್ಕಿತು. ಜೊತೆಗೆ ಅರೆಯಲು ಒಂದು ಗುಂಡುಕಲ್ಲೂ ಇತ್ತು. ಆಗ ಮಸಿ ಸಣ್ಣ ಸಣ್ಣ ಉಂಡೆಗಳಾಗಿರುತ್ತಿತ್ತು, ಕೈಯಲ್ಲಿ ಹಿಡಿದು ತೇಯಲು ಆಗುತ್ತಿರಲಿಲ್ಲ. ಕಡ್ಡಿ ಬಂದ ಮೇಲೆ ಗುಂಡುಕಲ್ಲಿಗೆ ಕೆಲಸ ಉಳಿಯಲಿಲ್ಲ.

ದುವಾನ್ ಕಲ್ಲಿನ ಕೆಲವು ತುಂಡುಗಳಲ್ಲಿ ಹಕ್ಕಿಯ ಕಣ್ಣಿನಂಥ ದುಂಡು ಮಚ್ಚೆಗಳಿರುತ್ತವೆ. ಬೆಲೆ ಏರುವುದು ಅವುಗಳಿಂದ. ಮಸಿ ತೇಯಲು ಅವು ಏನೂ ನೆರವಾಗುವುದಿಲ್ಲ ಅನ್ನುವುದು ಬೇರೆ ಮಾತು! ಸಾಂಗ್ ವಂಶದ ಕಾಲದಲ್ಲಿ ಅಲ್ಲಿನ ಅಧಿಕಾರಿಗಳು ಅರಮನೆಗೆ ಕಾಣಿಕೆ ಎಂದು ಹೇಳಿ, ದೊಡ್ಡವರಿಗೆ ಹಂಚಲು ಹತ್ತಾರು ಪಟ್ಟು ಕಲ್ಲು ವಸೂಲಿ ಮಾಡುತ್ತಿದ್ದರು. 1040ರ ದಶಕದಲ್ಲಿ ಅಲ್ಲಿ ಅಧಿಕಾರದಲ್ಲಿದ್ದ ಬಾವೋ ಝೆಂಗ್ ಅದನ್ನು ನಿಲ್ಲಿಸಿದ. ಹೊರಡುವಾಗ ಒಂದು ಕಲ್ಲನ್ನೂ ಒಯ್ಯಲಿಲ್ಲ.

ಅದೇ ಶತಮಾನದ ಶೆನ್ ಕುವೊ ಇನ್ನೊಂದು ಪ್ರಸಂಗ ಬರೆದಿಟ್ಟಿದ್ದಾನೆ. ಸುನ್ ಜಿಹಾನ್ ಎಂಬವನಿಗೆ ಯಾರೋ 30,000 ನಾಣ್ಯದ ಕಲ್ಲು ಕೊಡಲು ಬಂದರು. ಇದರಲ್ಲಿ ಅಂಥದ್ದೇನಿದೆ ಎಂದು ಸುನ್ ಕೇಳಿದ. ಉಸಿರು ಊದಿದರೆ ಸಾಕು, ನೀರು ಹರಿಯುತ್ತದೆ ಎಂದರು. ಮಾತು ಪೂರ್ತಿ ಸುಳ್ಳಲ್ಲ. ತಣ್ಣನೆಯ ಕಲ್ಲಿಗೆ ತಾಗಿದ ಉಸಿರಿನ ಆವಿ ಹನಿಯಾಗುತ್ತದೆ, ಕಲ್ಲು ದಟ್ಟವಾಗಿದ್ದರೆ ಆ ಹನಿ ಒಳಗೆ ಇಂಗುವುದಿಲ್ಲ. ಸುನ್ ಲೆಕ್ಕ ಹಾಕಿದ. ದಿನವಿಡೀ ಊದಿದರೆ ಒಂದು ಹೊರೆ ನೀರು ಸಿಗಬಹುದು, ಅದರ ಬೆಲೆ ಮೂರು ನಾಣ್ಯ. ಕಲ್ಲು ಬೇಡ ಅಂದುಬಿಟ್ಟ.