ಬೈಕಿನ ಹಿಂದಿನ ಚಕ್ರಕ್ಕೆ ಕಾರಿನ ಟೈರು: ಗೋಲ್ಡ್‌ವಿಂಗ್‌ನಲ್ಲಿ ಕೂತದ್ದು ಅವೆಂಜರ್‌ನಲ್ಲಿ ಯಾಕೆ ಕೂರುವುದಿಲ್ಲ

ತುಮಕೂರಿನಿಂದ ಶಿರಾ ಕಡೆಗೆ, ಕೋಲಾರದಿಂದ ಮುಳಬಾಗಿಲಿನ ಕಡೆಗೆ, ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿಯ ಕಡೆಗೆ ಹೋಗುವ ಮೂರೂ ಹೆದ್ದಾರಿಗಳು ಬಹುಪಾಲು ನೇರ. ಲಗೇಜು ಕಟ್ಟಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಂಥ ರಸ್ತೆಯಲ್ಲಿ ದಿನಗಟ್ಟಲೆ ಓಡುವ ಬೈಕಿನ ಹಿಂದಿನ ಟೈರು ನಡುವೆ ಮಾತ್ರ ಸವೆಯುತ್ತದೆ. ಎರಡು ಪಕ್ಕದ ಗೆರೆಗಳು ಹೊಸದರಂತೆಯೇ ಇರುತ್ತವೆ, ಮಧ್ಯದ ಎರಡು ಮೂರು ಬೆರಳಗಲ ಬೋಳಾಗಿರುತ್ತದೆ. ಅರ್ಧಕ್ಕರ್ಧ ರಬ್ಬರು ಉಳಿದಿರುವಾಗಲೇ ಟೈರನ್ನು ಬಿಸಾಡಬೇಕು. ಆಗ ಟೈರು ಅಂಗಡಿಯ ಮುಂದೆ ಪ್ರಶ್ನೆ ಹುಟ್ಟುತ್ತದೆ: "ಅಣ್ಣಾ, ಕಾರಿನ ಟೈರು ನಲವತ್ತು ಸಾವಿರ ಕಿಲೋಮೀಟರ್ ಬರುತ್ತಲ್ಲ, ಅದನ್ನೇ ಹಿಂದಕ್ಕೆ ಹಾಕಿದ್ರೆ?"

ಕೇಳುವುದರಲ್ಲಿ ತಪ್ಪಿಲ್ಲ. ಅಮೆರಿಕದಲ್ಲಿ ದೂರ ಪ್ರಯಾಣದ ಭಾರೀ ಬೈಕುಗಳ ಮಾಲೀಕರು ಇದನ್ನು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಅದಕ್ಕೆ 'ಡಾರ್ಕ್‌ಸೈಡ್' ಎಂಬ ಅಡ್ಡಹೆಸರೂ ಇದೆ. ಆದರೆ ಅಲ್ಲಿ ಅದು ಸಾಧ್ಯವಾದದ್ದು ಕೆಲವು ಅಳತೆಗಳು ಒಂದೇ ಬೈಕಿನಲ್ಲಿ ಕೂಡಿಬಂದದ್ದರಿಂದ. ಆ ಅಳತೆಗಳನ್ನು ಬಿಟ್ಟು ಉಪಾಯವನ್ನಷ್ಟೇ ಎತ್ತಿಕೊಂಡು ಬಂದರೆ ಅಪಾಯ.

ಮೊದಲು ಕಾರಿಗೂ ಬೈಕಿಗೂ ಟೈರಿನಲ್ಲಿ ಇಷ್ಟು ಅಂತರ ಇರಲಿಲ್ಲ. ಎರಡೂ ಕಿರಿದು, ನೆಲಕ್ಕೆ ತಾಗುವ ಮೇಲ್ಮೈ ಎರಡರದ್ದೂ ಹೆಚ್ಚುಕಡಿಮೆ ಗುಂಡು, ಒಳಗೆ ಅಡ್ಡಡ್ಡ ಹೆಣೆದ ನೂಲಿನ ಪದರ. 1940ರ ದಶಕದಲ್ಲಿ ಹಾರ್ಲೆ-ಡೇವಿಡ್‌ಸನ್‌ನ ದೊಡ್ಡ ಬೈಕುಗಳಿಗೆ 5.00-16 ಅಳತೆಯ, ಅಂದರೆ 5 ಇಂಚು ಅಗಲದ, 16 ಇಂಚಿನ ರಿಮ್ಮಿಗೆ ಕೂರುವ ದಪ್ಪ ಟೈರು ಬಂತು. ಯುದ್ಧದ ನಂತರ, 1952ರವರೆಗೆ, ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಓಡಿದ್ದೂ ಅದೇ ಅಳತೆಯ ಮೇಲೆ. ಎರಡನೇ ಮಹಾಯುದ್ಧದ ಬಿಎಂಡಬ್ಲ್ಯು ಆರ್75 ಸೈಡ್‌ಕಾರ್ ಬೈಕಿಗೆ 4.50-16 ಟೈರು. ಸೈಡ್‌ಕಾರ್ ಕಟ್ಟಿದ ಗಾಡಿ ತಿರುವಿನಲ್ಲಿ ವಾಲುವುದಿಲ್ಲ, ಕಾರಿನಂತೆ ನೆಟ್ಟಗೆ ನಿಂತೇ ತಿರುಗುತ್ತದೆ. ಆದ್ದರಿಂದ ಅದಕ್ಕೆ ಚಪ್ಪಟೆ ಟೈರೇ ಸರಿ. ಇವತ್ತಿಗೂ ಸೈಡ್‌ಕಾರ್ ಗಾಡಿಗಳಿಗೆ ಕಾರಿನ ಟೈರು ಹಾಕುವವರಿದ್ದಾರೆ, ಅದನ್ನು ಯಾರೂ ವಿವಾದ ಮಾಡುವುದಿಲ್ಲ. ವಿವಾದವೆಲ್ಲ ಎರಡೇ ಚಕ್ರದ, ವಾಲುವ ಬೈಕಿನದು.

ದಾರಿ ಬೇರೆಯಾದದ್ದು ರೇಡಿಯಲ್ ಟೈರಿನಿಂದ. ಮಿಷೆಲಿನ್ ಕಂಪನಿ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರಾಟಕ್ಕೆ ತಂದ ಈ ವಿನ್ಯಾಸದಲ್ಲಿ ನೂಲಿನ ಪದರ ಅಂಚಿನಿಂದ ಅಂಚಿಗೆ ನೇರ ಹೋಗುತ್ತದೆ, ಮೇಲ್ಮೈಯ ಕೆಳಗೆ ಉಕ್ಕಿನ ಪಟ್ಟಿ ಕೂರುತ್ತದೆ. ಕಾರಿನ ಟೈರು ಅಗಲವಾಯಿತು, ಮೇಲ್ಮೈ ಚಪ್ಪಟೆಯಾಯಿತು, ಪಕ್ಕದ ಗೋಡೆ ಗಿಡ್ಡವಾಯಿತು, ಬಾಳಿಕೆ ಏರಿತು. ಬೈಕಿನ ಟೈರು ಮಾತ್ರ ಗುಂಡಾಗಿಯೇ ಉಳಿಯಬೇಕಿತ್ತು. ಬೈಕಿಗೆ ರೇಡಿಯಲ್ ಬಳಕೆಗೆ ಬಂದದ್ದೇ 1980ರ ದಶಕದಲ್ಲಿ. ನಮ್ಮಲ್ಲಿ ಅಂಬಾಸಿಡರ್ 5.90-15, ಪದ್ಮಿನಿ 5.20-14, ಜೀಪು 6.00-16 ಎಂದು ಹಳೆಯ ಲೆಕ್ಕದಲ್ಲೇ ಬಹುಕಾಲ ಓಡಿದವು. ಬುಲೆಟ್ಟಿಗೆ 3.25-19. ಇವುಗಳಲ್ಲಿ ಒಂದರದ್ದು ಇನ್ನೊಂದಕ್ಕೆ ಕೂರುತ್ತಲೇ ಇರಲಿಲ್ಲ, ಹಾಗಾಗಿ ಇಲ್ಲಿ ಪ್ರಶ್ನೆಯೂ ಏಳಲಿಲ್ಲ.

ಅಮೆರಿಕದಲ್ಲಿ ಪ್ರಶ್ನೆ ಬೆಳೆದದ್ದು ದೂರ ಪ್ರಯಾಣದ ಭಾರೀ ಬೈಕಾದ ಹೋಂಡಾ ಗೋಲ್ಡ್‌ವಿಂಗ್ ಜೊತೆಗೆ. 1975ರ ಜಿಎಲ್1000ಕ್ಕೆ ಹಿಂದೆ 4.50-17 ಟೈರು. 1984ರ ಜಿಎಲ್1200ಕ್ಕೆ 150/90-15, ಅಂದರೆ 150 ಮಿಲಿಮೀಟರ್ ಅಗಲ, ಅದರ ಶೇ. 90ರಷ್ಟು ಪಕ್ಕಗೋಡೆಯ ಎತ್ತರ, 15 ಇಂಚಿನ ರಿಮ್ಮು. 1988ರಲ್ಲಿ ಆರು ಸಿಲಿಂಡರಿನ ಜಿಎಲ್1500 ಬಂದಾಗ 160/80-16. 2001ರ ಜಿಎಲ್1800ಕ್ಕೆ 180/60ಆರ್16, ಇಲ್ಲಿ 'ಆರ್' ಎಂದರೆ ರೇಡಿಯಲ್. ಪ್ರತಿ ಹೆಜ್ಜೆಗೂ ಬೈಕು ದಪ್ಪವಾಯಿತು, ಟೈರು ಕಾರಿನ ಅಳತೆಗೆ ಹತ್ತಿರವಾಯಿತು. ಜಿಎಲ್1800ರ ಒಣ ತೂಕವೇ 360 ಕಿಲೋ ಆಸುಪಾಸು. ಇಬ್ಬರು ಸವಾರರು, ಮೂರು ಪೆಟ್ಟಿಗೆ ಸಾಮಾನು ಸೇರಿದರೆ ಹಿಂದಿನ ಟೈರಿನ ಮೇಲೆ ಬೀಳುವ ಭಾರ ಸಣ್ಣದಲ್ಲ. ಅಂಥ ಟೈರು ಬೇಗ ಸವೆಯುತ್ತದೆ, ಬೆಲೆಯೂ ಜಾಸ್ತಿ.

ಅದೇ 2001ರಲ್ಲಿ ಹೊಸ ಮಿನಿ ಕೂಪರ್ ಕಾರು ಬಂತು. ಅದರ ಒಂದು ಅಳತೆ 195/55ಆರ್16, ರನ್‌ಫ್ಲ್ಯಾಟ್ ಮಾದರಿ, ಅಂದರೆ ಗಾಳಿ ಹೋದರೂ ಸ್ವಲ್ಪ ದೂರ ಭಾರ ಹೊರಬಲ್ಲ ಗಟ್ಟಿ ಪಕ್ಕಗೋಡೆಯದು. ಲೆಕ್ಕ ಹಾಕಿ ನೋಡಿ. 16 ಇಂಚು ಎಂದರೆ 406.4 ಮಿಲಿಮೀಟರ್. 180ರ ಶೇ. 60 ಅಂದರೆ 108, ಮೇಲೊಂದು ಕೆಳಗೊಂದು ಸೇರಿ 216, ಒಟ್ಟು ವ್ಯಾಸ 622. 195ರ ಶೇ. 55 ಅಂದರೆ 107.25, ಎರಡಕ್ಕೆ 214.5, ಒಟ್ಟು 621. ಒಂದೂವರೆ ಮಿಲಿಮೀಟರ್ ವ್ಯತ್ಯಾಸ! ಸ್ಪೀಡೋಮೀಟರ್, ಗೇರಿನ ಲೆಕ್ಕ, ಎತ್ತರ ಯಾವುದೂ ಬದಲಾಗುವುದಿಲ್ಲ. ಬೈಕಿನ ಮೂಲ ಟೈರಿನ ಲೋಡ್ ಇಂಡೆಕ್ಸ್ 74, ಅಂದರೆ 375 ಕಿಲೋ. ಕಾರಿನದು 87, ಅಂದರೆ 545 ಕಿಲೋ. ಬೈಕಿಗೆ ಚೈನಿನ ಬದಲು ಶಾಫ್ಟ್ ಡ್ರೈವ್, ಒಂದೇ ಬದಿಯ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು), ಕಾರಿನಂತೆ ಐದು ನಟ್ಟು ಬಿಚ್ಚಿದರೆ ಕೈಗೆ ಬರುವ ಚಕ್ರ, 5 ಇಂಚು ಅಗಲದ ಟ್ಯೂಬ್‌ಲೆಸ್ ಅಲಾಯ್. ಇಷ್ಟೆಲ್ಲ ಕೂಡಿಬಂದದ್ದರಿಂದ ಆ ಪ್ರಯೋಗ ಅಲ್ಲಿ ರೂಢಿಯಾಯಿತು. ಬಾಳಿಕೆ ಎರಡು ಮೂರು ಪಟ್ಟು ಸಿಕ್ಕಿತು ಎಂದು ಮಾಲೀಕರು ಹೇಳುವುದನ್ನು ಅನುಮಾನಿಸಬೇಕಿಲ್ಲ. ಆದರೂ ಟೈರು ತಯಾರಕರು ಆಗಿನಿಂದ ಈಗಿನವರೆಗೂ ಬೇಡ ಎಂದೇ ಹೇಳುತ್ತ ಬಂದಿದ್ದಾರೆ. ಅದಕ್ಕೆ ಗಟ್ಟಿ ಕಾರಣಗಳಿವೆ.

ಮೊದಲ ಕಾರಣ ತಿರುವು. ನೆಲದ ಮೇಲೆ ಮಲಗಿಸಿ ಉರುಳಿಸಿದ ಸ್ಟೀಲ್ ಲೋಟ ನೇರ ಹೋಗದೆ ಸುತ್ತು ಹಾಕುತ್ತದಲ್ಲ, ವಾಲಿದ ಗುಂಡು ಟೈರೂ ಹಾಗೆಯೇ ತಾನಾಗಿ ಒಳಕ್ಕೆ ತಿರುಗಲು ನೋಡುತ್ತದೆ. ಎಂಜಿನಿಯರುಗಳು ಇದನ್ನು ಕ್ಯಾಂಬರ್ ಥ್ರಸ್ಟ್ ಅನ್ನುತ್ತಾರೆ. ಬೈಕು ತಿರುಗುವುದು ಬಹುಪಾಲು ಈ ಬಲದಿಂದ. ಕಾರಿನ ಟೈರು ನೆಟ್ಟಗೆ ನಿಂತು, ಸ್ವಲ್ಪ ಓರೆಯಾಗಿ ಜಾರುತ್ತ ತಿರುಗುವಂತೆ ಮಾಡಿದ್ದು, ಅದರಲ್ಲಿ ಕ್ಯಾಂಬರ್ ಥ್ರಸ್ಟ್ ಕಡಿಮೆ. ಬೈಕು ವಾಲಿದ ತಕ್ಷಣ ಅದರ ಭಾರ ನಡುವಿನಿಂದ ಒಳಗಿನ ಅಂಚಿಗೆ ಒಮ್ಮೆಲೇ ಜಾರುತ್ತದೆ. ಆ ಅಂಚು ಬೈಕನ್ನು ಮತ್ತೆ ನೆಟ್ಟಗೆ ನಿಲ್ಲಿಸಲು ತಳ್ಳುತ್ತದೆ. ಸವಾರ ತಿರುವಿನುದ್ದಕ್ಕೂ ಹ್ಯಾಂಡಲನ್ನು ಒತ್ತಿ ಹಿಡಿದೇ ಇರಬೇಕು. ಟೆಕ್ಸಾಸಿನ ನೇರ ರಸ್ತೆಯಲ್ಲಿ ಇದು ದೊಡ್ಡ ವಿಷಯವಲ್ಲ. ದೇವರಾಯನದುರ್ಗದ ಘಾಟಿಯಲ್ಲೋ ನಂದಿಬೆಟ್ಟದ ಹಿಮ್ಮುರಿ ತಿರುವುಗಳಲ್ಲೋ, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಬರುವಾಗ, ಇದು ಪ್ರತಿ ಸಲವೂ ಕೈಗೆ ಬೀಳುವ ಕೆಲಸ.

ಎರಡನೆಯದು ರಸ್ತೆಯ ಮೇಲ್ಮೈ. ಲಾರಿಗಳು ಓಡಿ ಓಡಿ ಎಡಬದಿಯ ಲೇನಿನಲ್ಲಿ ಉದ್ದಕ್ಕೂ ಎರಡು ತಗ್ಗು ಬಿದ್ದಿರುತ್ತವೆ. ಗುಂಡು ಟೈರು ತಗ್ಗಿನ ಏರಿಯ ಮೇಲೆ ಸಲೀಸಾಗಿ ಹತ್ತುತ್ತದೆ. ಚಪ್ಪಟೆ ಟೈರಿನ ಒಂದೇ ಅಂಚು ಏರಿಗೆ ತಗುಲಿ ಬೈಕನ್ನು ಪಕ್ಕಕ್ಕೆ ತಳ್ಳುತ್ತದೆ. ಡಾಂಬರಿನ ಅಂಚು, ದಪ್ಪ ಬಿಳಿ ಪಟ್ಟಿ, ಅರ್ಧ ಹಾಸಿದ ಹೊಸ ಪದರ, ಎಲ್ಲ ಕಡೆ ಇದೇ ಕಥೆ. ಮಳೆಯಲ್ಲಿ ಇನ್ನೊಂದು ತೊಡಕು: ಕಿರಿದಾದ ಗುಂಡು ಟೈರು ನೀರನ್ನು ಸೀಳಿಕೊಂಡು ಹೋಗುತ್ತದೆ, ಅಗಲ ಟೈರಿಗೆ ಕಡಿಮೆ ಗಾಳಿ ಇದ್ದರೆ ಅದು ಕಡಿಮೆ ವೇಗಕ್ಕೇ ನೀರಿನ ಮೇಲೆ ತೇಲಲು ಶುರುಮಾಡುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಮೂರನೆಯದು, ಬೀಡ್. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಹುದುಗಿರುವ ಉಂಗುರವಿದು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದೂ, ಟೈರು ರಿಮ್ಮಿನಿಂದ ಕಳಚದಂತೆ ಕಾಯುವುದೂ ಇದೇ. ಕಾರಿನ ರಿಮ್ಮು 'ಜೆ' ಮಾದರಿ, ಬೈಕಿನ ಟ್ಯೂಬ್‌ಲೆಸ್ ರಿಮ್ಮು 'ಎಂಟಿ' ಮಾದರಿ. ಎರಡರ ಮೇಲೂ 16 ಎಂದೇ ಬರೆದಿದ್ದರೂ ಬೀಡ್ ಕೂರುವ ಜಾಗದ ಆಕಾರ ಒಂದೇ ಅಲ್ಲ. ಬೀಡ್ ಕೂರಿಸುವಾಗ 40 ಪಿಎಸ್‌ಐ ಮೀರಬಾರದು ಎಂಬ ಎಚ್ಚರಿಕೆ ಎಷ್ಟೋ ಕಾರಿನ ಟೈರುಗಳ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಬೈಕಿನ ರಿಮ್ಮಿನಲ್ಲಿ ಅಷ್ಟಕ್ಕೆ ಅದು ಕೂರದೆ ಹಟ ಹಿಡಿಯುವುದುಂಟು. ಆಗ 'ಇನ್ನೊಂದು ಸ್ವಲ್ಪ' ಎಂದು 60, 70ಕ್ಕೆ ಏರಿಸಿದರೆ ಬೀಡ್‌ನ ತಂತಿ ಕಡಿದು ಟೈರು ಸಿಡಿಯಬಹುದು. ಬಗ್ಗಿ ನೋಡುತ್ತ ನಿಂತ ಹುಡುಗನ ಕೈಯೋ ಮುಖವೋ ಹೋಗುತ್ತದೆ. ಯಾವ ಟೈರೇ ಇರಲಿ, ಬೀಡ್ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ರಿಮ್ಮಿನ ಅಂಚನ್ನು ಉಜ್ಜಿ, ಸೋಪು ನೀರು ಹಚ್ಚಿ, ಟೈರನ್ನು ಸ್ವಲ್ಪ ತಿರುಗಿಸಿ ಮತ್ತೆ ಹಾಕಬೇಕು. ಗಾಳಿಯ ಪೈಪನ್ನು ವಾಲ್ವಿಗೆ ಸಿಕ್ಕಿಸಿ ದೂರ ನಿಲ್ಲಬೇಕು. ಟೈರಿನ ಪಕ್ಕದಲ್ಲಿ ರಿಮ್ಮಿಗೆ ಸಮಾನಾಂತರವಾಗಿ ಒಂದು ತೆಳು ಗೆರೆ ಇರುತ್ತದೆ. ಅದು ಸುತ್ತಲೂ ಒಂದೇ ಅಂತರದಲ್ಲಿ ಕಂಡರೆ ಮಾತ್ರ ಬೀಡ್ ಕೂತಿದೆ ಎಂದು ಅರ್ಥ.

ರಿಮ್ಮಿನ ಅಗಲವೂ ಇದಕ್ಕೇ ಅಂಟಿಕೊಂಡ ಮಾತು. 195/55ಆರ್16 ಟೈರಿಗೆ ಕನಿಷ್ಠ 5.5 ಇಂಚಿನ ರಿಮ್ಮು ಬೇಕು. ಗೋಲ್ಡ್‌ವಿಂಗ್‌ನದು 5. ಅಲ್ಲೇ ಅರ್ಧ ಇಂಚು ಸಾಲದು.

ಈಗ ನಮ್ಮ ಬೈಕುಗಳನ್ನು ಈ ಲೆಕ್ಕಕ್ಕೆ ಇಡೋಣ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅದೇ ಹೋಂಡಾದ ಕಾರ್ಖಾನೆ 2013ರಿಂದ ಗಾಡಿ ತಯಾರಿಸುತ್ತಿದೆ, ಆದರೆ ನಮ್ಮ ರಸ್ತೆಯ ಬೈಕುಗಳ ಅಳತೆ ಬೇರೆಯೇ. ಹಿಮಾಲಯನ್ 411ಕ್ಕೆ ಹಿಂದೆ 120/90-17, ಇಂಟರ್‌ಸೆಪ್ಟರ್‌ಗೆ 130/70-18. ಇಷ್ಟು ಕಿರಿದಾದ 17, 18 ಇಂಚಿನ ಟೈರನ್ನು ನಮ್ಮಲ್ಲಿ ಮಾರುವ ಯಾವ ಕಾರೂ ಬಳಸುವುದಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಆಸೆ ಹುಟ್ಟಿಸುವುದು 15 ಮತ್ತು 16 ಇಂಚಿನವು.

ಅವೆಂಜರ್ 220ರ ಹಿಂದಿನದು 130/90-15, ವ್ಯಾಸ 615 ಮಿಲಿಮೀಟರ್. ಸ್ವಿಫ್ಟ್, ಡಿಜೈರ್ ಕಾರಿನ 185/65ಆರ್15ರ ವ್ಯಾಸ ಸುಮಾರು 621. ಕಾಗದದ ಮೇಲೆ ಹೇಳಿ ಮಾಡಿಸಿದಂತಿದೆ. ಆದರೆ ಆ ಕಾರಿನ ಟೈರಿಗೆ ಕನಿಷ್ಠ 5 ಇಂಚಿನ ರಿಮ್ಮು ಬೇಕು, 130/90-15 ಕೂರುವ ರಿಮ್ಮು ಸುಮಾರು 3 ಇಂಚಿನದು. ಬಲವಂತಕ್ಕೆ ಏರಿಸಿದರೆ ಎರಡು ಬೀಡ್‌ಗಳು ಹತ್ತಿರ ಬಂದು ಪಕ್ಕಗೋಡೆ ಉಬ್ಬುತ್ತದೆ, ನಡುಭಾಗ ಮೇಲೆದ್ದು ಟೈರು ಗುಂಡಗೆ ಕಾಣುತ್ತದೆ. 'ನೋಡಿ, ಬೈಕಿನ ಟೈರಿನಂತೆಯೇ ಆಯ್ತು' ಎಂದು ಖುಷಿಪಡುವವರಿದ್ದಾರೆ. ಒಳಗೆ ಬೀಡ್ ಓರೆಯಾಗಿ ಕೂತಿರುತ್ತದೆ, ಪಕ್ಕಗೋಡೆ ಪ್ರತಿ ಸುತ್ತಿಗೂ ಅತಿಯಾಗಿ ಮಡಚುತ್ತ ಬಿಸಿಯಾಗುತ್ತದೆ. ಸ್ಪೋಕ್ ಚಕ್ರವಾದರೆ ಒಳಗೆ ಟ್ಯೂಬು ಬೇರೆ ತುರುಕಬೇಕು, ಅದು ಉಜ್ಜಿ ಉಜ್ಜಿ ತೂತಾಗುತ್ತದೆ. ಸೂಪರ್ ಮೀಟಿಯಾರ್ 650ಕ್ಕೆ 150/80-16, ವ್ಯಾಸ 646. ಬಲೆನೊ ಕಾರಿನ 195/55ಆರ್16 ಅದಕ್ಕಿಂತ 25 ಮಿಲಿಮೀಟರ್ ಗಿಡ್ಡ, 45 ಮಿಲಿಮೀಟರ್ ಅಗಲ. ಎರಡು ಬದಿಗೂ ಇಪ್ಪತ್ತೆರಡು ಮಿಲಿಮೀಟರ್ ಹೊರಬಂದರೆ ಒಂದು ಕಡೆ ಚೈನು, ಇನ್ನೊಂದು ಕಡೆ ಸ್ವಿಂಗ್‌ಆರ್ಮ್ ಅಡ್ಡ ಬರುತ್ತದೆ. ಜೀಪಿನ, ಟ್ರಾಕ್ಟರ್ ಮುಂಚಕ್ರದ 6.00-16 ಅಂತೂ ಮಡ್‌ಗಾರ್ಡಿನ ಒಳಗೇ ಹೋಗದು.

ಕಾನೂನೂ ಅನುಕೂಲವಾಗಿಲ್ಲ. ಟೈರುಗಳ ಗುಣಮಟ್ಟಕ್ಕೆ ಕೇಂದ್ರ ಸರ್ಕಾರ 2009ರಲ್ಲಿ ಹೊರಡಿಸಿದ ಆದೇಶ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಐಎಸ್ 15627, ಕಾರುಗಳಿಗೆ ಐಎಸ್ 15633 ಎಂದು ಬೇರೆ ಬೇರೆ ಮಾನದಂಡ ಇಟ್ಟಿದೆ. ಟೈರಿನ ಮೇಲೇ ಈ ಸಂಖ್ಯೆ ಇರುತ್ತದೆ, ಯಾರು ಬೇಕಾದರೂ ಓದಬಹುದು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಎ-06 ಇರಲಿ, 07 ಇರಲಿ, 40 ಇರಲಿ, ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ನೋಡುವ ಮೊದಲ ವಸ್ತುಗಳಲ್ಲಿ ಟೈರೂ ಒಂದು.

ಹಾಗಾದರೆ ನಡುಭಾಗ ಬೇಗ ಸವೆಯುವುದಕ್ಕೆ ಏನು ಮಾಡಬೇಕು? ನಡುವೆ ಗಟ್ಟಿ ರಬ್ಬರು, ಅಂಚಿಗೆ ಮೆತ್ತನೆಯದು ಇರುವ ಎರಡು ಮಿಶ್ರಣದ ಟೂರಿಂಗ್ ಟೈರುಗಳು 2000ದ ನಂತರ ಹರಡಿದ್ದು ಈ ಸಮಸ್ಯೆಗೇ. ನಿಮ್ಮ ಅಳತೆಯಲ್ಲಿ ಅಂಥದ್ದು ಸಿಕ್ಕರೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಅದಕ್ಕಿಂತ ಅಗ್ಗದ ದಾರಿ ಗಾಳಿ. ಮಧ್ಯಾಹ್ನ ಪೆಟ್ರೋಲ್ ಬಂಕಿನಲ್ಲಿ ಬಿಸಿ ಟೈರಿಗೆ ಗೇಜು ಹಿಡಿದು, 'ಜಾಸ್ತಿ ಇದೆ' ಎಂದು ಇಳಿಸಿಬಿಡುವುದು ನಮ್ಮಲ್ಲಿ ದಿನನಿತ್ಯದ ತಪ್ಪು. ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಒತ್ತಡ ಸುಮಾರು 1ರಿಂದ 1.5 ಪಿಎಸ್‌ಐ ಬದಲಾಗುತ್ತದೆ. ಮರುದಿನ ಚಿಕ್ಕಬಳ್ಳಾಪುರದ ಚಳಿಯ ಬೆಳಗ್ಗೆ ಅದೇ ಟೈರು ಮೂರು ನಾಲ್ಕು ಪಿಎಸ್‌ಐ ಕಡಿಮೆ ಇರುತ್ತದೆ, ಲಗೇಜಿನ ಭಾರಕ್ಕೆ ಬಿಸಿಯಾಗಿ ಬೇಗ ಸವೆಯುತ್ತದೆ. ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ, ಮ್ಯಾನುಯಲ್‌ನಲ್ಲಿ ಹಿಂದೆ ಒಬ್ಬರು ಕೂತಾಗ ಎಂದು ಬರೆದಿರುವ ಸಂಖ್ಯೆಗೆ ತುಂಬಿಸಬೇಕು.

ಸವೆದು ಚೌಕವಾದ ಬೈಕಿನ ಟೈರು ತಿರುವಿನಲ್ಲಿ ಕಾರಿನ ಟೈರಿನಂತೆಯೇ ವರ್ತಿಸುತ್ತದೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ: ಮೊದಲು ವಾಲಲು ಒಪ್ಪುವುದಿಲ್ಲ, ಅಂಚು ದಾಟಿದ ಕೂಡಲೇ ತಟ್ಟನೆ ಬೀಳುತ್ತದೆ. ದ್ವಿಚಕ್ರಕ್ಕೆ ಕಾನೂನಿನ ಕನಿಷ್ಠ ಗೆರೆ ಆಳ 0.8 ಮಿಲಿಮೀಟರ್. ಹೆದ್ದಾರಿ ಓಡಿಸುವವರು ಮಳೆಗಾಲಕ್ಕೆ ಮುಂಚೆ 2 ಮಿಲಿಮೀಟರಿಗೇ ಬದಲಾಯಿಸುವುದು ಒಳ್ಳೆಯದು. ಹೊಸದು ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ: ಮೊದಲೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಲೋಡ್ ಇಂಡೆಕ್ಸ್ ಮೂಲದ್ದಕ್ಕಿಂತ ಕಡಿಮೆ ಇರಬಾರದು. ಟ್ಯೂಬ್‌ಲೆಸ್ ಆದರೆ ವಾಲ್ವನ್ನೂ ಹೊಸದು ಹಾಕಿಸಿ, ತಿರುಗುವ ದಿಕ್ಕಿನ ಬಾಣ ಮುಂದಕ್ಕೆ ಇದೆಯೇ ಎಂದು ಚಕ್ರ ಏರಿಸುವ ಮೊದಲೇ ನೋಡಿಕೊಳ್ಳಿ, ಬ್ಯಾಲೆನ್ಸಿಂಗ್ ಮಾಡಿಸಿ. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕದೆ, ಹೆಚ್ಚು ವಾಲಿಸದೆ ಓಡಿಸಬೇಕು.